ಮಳೆಗಾಲದಲ್ಲಿ ಗ್ರಂಥಾಲಯಕ್ಕೆ ಬಂದು ಕೂರುವವರು: ಎಬ್ಬಿಸಬೇಕೋ, ಇರಗೊಡಬೇಕೋ?

ಕಾಳಿ ದಂಡೆ (ಕಾರವಾರ):
ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದ ಕೆಲಸದ ಒಳಹೊರಗು ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ, ದಯವಿಟ್ಟು ಉತ್ತರಿಸಿ. ಜೂನ್ ಹಿಡಿಯಿತೆಂದರೆ ನಮ್ಮ ಕರಾವಳಿಯ ವಾಚನಾಲಯಗಳಿಗೆ ಓದುವವರ ಜೊತೆ ಬೇರೆಯವರೂ ಬರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದ ಅಜ್ಜ ಪೇಪರ್ ಮುಂದಿಟ್ಟುಕೊಂಡು ತೂಕಡಿಸುತ್ತಾರೆ. ತಮ್ಮಷ್ಟಕ್ಕೇ ಮಾತಾಡಿಕೊಳ್ಳುವವರೊಬ್ಬರು ಮೂಲೆಯಲ್ಲಿ ಕೂತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ (ಯಂತ್ರದ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ಬಂದ್ ಇರುವುದರಿಂದ, ಊರಿಗೆ ಹೋಗಲಾಗದ ಬೋಟಿನ ಕೆಲಸಗಾರರೂ ಇರುತ್ತಾರೆ. ಅಮ್ಮ ಮೀನು ಮಾರಿ ಬರುವವರೆಗೆ ಕಾಯುವ ಮಕ್ಕಳಂತೂ ಸರಿಯೇ.

ಉಳಿದ ಓದುಗರ ದೂರು ಮೂರು: ನಾತ, ಭಯ, ಸೀಟು ಸಿಗುವುದಿಲ್ಲ. 'ಓದದವರನ್ನು ಹೊರಗೆ ಹಾಕಿ' ಎಂದು ಬರೆದುಕೊಟ್ಟಿದ್ದಾರೆ. ಯಾರನ್ನು ಎಬ್ಬಿಸಬಹುದು, ಯಾರನ್ನು ಎಬ್ಬಿಸಬಾರದು? ಏನಾದರೂ ಆದರೆ ಮೊದಲ ಫೋನ್ ಯಾರಿಗೆ? ಸಂಜೆ ಮೇಲ್ವಿಚಾರಕಿ ಒಬ್ಬರೇ ಇರುವಾಗ ಅವರ ರಕ್ಷಣೆ ಹೇಗೆ? ಉಪದೇಶ ಬೇಡ, ನಾಳೆಯಿಂದಲೇ ಮಾಡಬಹುದಾದದ್ದು ಹೇಳಿ.

ಪರೀಕ್ಷಾರ್ಥಿ_ಕುಮಟಾ:
ನನ್ನ ಅಭಿಪ್ರಾಯ ನೇರ. ಗ್ರಂಥಾಲಯ ಇರುವುದು ಓದುವುದಕ್ಕೆ. ಪಿಡಿಓ, ಕೆಎಎಸ್ ಅಂತ ಓದುವವರು ಬೆಳಿಗ್ಗೆ ಹತ್ತಕ್ಕೇ ಬಂದರೂ ಟೇಬಲ್ ಸಿಗುವುದಿಲ್ಲ. ಮಲಗಲಿಕ್ಕೆ ಛತ್ರ ಇಲ್ಲವೇ?

ಅಘನಾಶಿನಿ:
@ಪರೀಕ್ಷಾರ್ಥಿ ತಮ್ಮಾ, ಸೀಟಿನ ಕಷ್ಟ ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಇದು ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ರೂಪಾಯಿಗೆ ಆರು ಪೈಸೆ ಲೆಕ್ಕದಲ್ಲಿ. ಊರಿನ ದುಡ್ಡಿನಲ್ಲಿ ನಡೆಯುವ ಕೋಣೆ ಊರಿನ ಎಲ್ಲರದ್ದೂ. ಓದುವವರಷ್ಟೇ ಬರಬೇಕೆಂದರೆ ದಿನಪತ್ರಿಕೆಯ ಚಿತ್ರ ನೋಡಲು ಬರುವ ಅಕ್ಷರ ಬಾರದ ಅಜ್ಜಿಯನ್ನೂ ಎಬ್ಬಿಸಬೇಕಾಗುತ್ತದೆ.

ನಿಯಮ ಬರೆಯುವಾಗ ಆಳಿನ ಮೇಲೆ ಬರೆಯಬೇಡಿ, ನಡವಳಿಕೆಯ ಮೇಲೆ ಬರೆಯಿರಿ. 'ಭಿಕ್ಷುಕರಿಗೆ ಪ್ರವೇಶವಿಲ್ಲ' ಅಂದರೆ ತಪ್ಪು. 'ಕೂಗಾಡಬಾರದು, ಬೇರೆಯವರನ್ನು ಮುಟ್ಟಬಾರದು, ಹಿಂಬಾಲಿಸಬಾರದು, ಒಳಗೆ ಕುಡಿಯಬಾರದು, ಎರಡು ಕುರ್ಚಿ ಹಿಡಿಯಬಾರದು' ಅಂದರೆ ಸರಿ. ಕೊನೆಯದು ಪರೀಕ್ಷೆಗೆ ಓದುವವರಿಗೂ ಅನ್ವಯ. ಬ್ಯಾಗಿಗೊಂದು ಕುರ್ಚಿ ಕೊಡುವ ಅಭ್ಯಾಸ ಎಲ್ಲ ಕಡೆಯೂ ಇದೆ. ಐದಾರು ಸಾಲು ಸಾಕು, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ. ಕಾರವಾರದ ಕಡೆಯಾದರೆ ಅದನ್ನೇ ಕೊಂಕಣಿಯಲ್ಲಿ ಬಾಯಿಯಲ್ಲಿ ಹೇಳುವುದನ್ನೂ ರೂಢಿ ಮಾಡಿ.

ಮಲೆನಾಡ ಮಳೆ (ಶಿರಸಿ):
ಅಘನಾಶಿನಿ ಅಕ್ಕ ಹೇಳಿದ್ದು ಸರಿ. ನಿದ್ದೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ಕೂತಲ್ಲೇ ಮಲಗಿದವರನ್ನು ಎಬ್ಬಿಸುವುದು ಶಿಸ್ತಿಗೆ ಮಾತ್ರ ಅಲ್ಲ, ಅವರು ಹುಷಾರಾಗಿದ್ದಾರೋ ಎಂದು ತಿಳಿಯುವುದಕ್ಕೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕಡಿಮೆಯಾದಾಗ ನೋಡುವವರಿಗೆ ನಿದ್ದೆಯ ಹಾಗೇ ಕಾಣುತ್ತದೆ. ಮೈ ಮುಟ್ಟಬೇಡಿ, ಅವರ ಎದುರಿನ ಟೇಬಲನ್ನು ಬೆರಳಿನಿಂದ ಎರಡು ಸಲ ತಟ್ಟಿ, 'ಅಜ್ಜಾ, ಆರಾಮಿದ್ದೀರಾ?' ಎಂದು ಕೇಳಿ. ಕಣ್ಣು ಬಿಟ್ಟು ಉತ್ತರ ಕೊಟ್ಟರೆ ಬಿಟ್ಟುಬಿಡಿ. ಬೆವರುತ್ತಿದ್ದರೆ, ಮಾತು ತೊದಲಿದರೆ, ನುಂಗಲು ಬರುತ್ತದೆಂದು ಖಾತ್ರಿಯಾದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರವೇ ಇಲ್ಲವೆಂದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ 108.

ಕೌಂಟರಿನ ಖಾನೆಯಲ್ಲಿ ಕಾಲು ಕೆಜಿ ಸಕ್ಕರೆ ಗಾಳಿಯಾಡದ ಡಬ್ಬಿಯಲ್ಲಿರಲಿ. ಡಬ್ಬಿ ಅಂತ ಯಾಕೆ ಹೇಳಿದೆನೆಂದರೆ ನಮ್ಮ ಮಳೆಗೆ ಪೊಟ್ಟಣದಲ್ಲಿಟ್ಟ ಸಕ್ಕರೆ ವಾರದೊಳಗೆ ಜಿಗುಟಾಗುತ್ತದೆ.

ಬಂಡಿಹಬ್ಬ (ಅಂಕೋಲಾ):
ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಬೇಕಲ್ಲವಾ? ಅದನ್ನೂ ಬರೆದುಬಿಡಿ.

ಮಲೆನಾಡ ಮಳೆ:
ಬೇಡ ಭಾವ, ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ, ಅವರ ಕೈಗೇ ಗಾಯ. ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ ಯಾವುದೂ ಬೇಡ. ಕುರ್ಚಿ ಟೇಬಲ್ ದೂರ ಸರಿಸಿ, ತಲೆಯಡಿ ಮಡಚಿದ ಟವೆಲ್ ಇಡಿ, ಗಡಿಯಾರ ನೋಡಿ. ನಡುಕ ಕಡಿಮೆಯಾದ ಕೂಡಲೇ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 108. ಸುತ್ತ ನಿಂತು ನೋಡುವವರನ್ನು ಮೊದಲು ಕಳಿಸಿ. ಎಚ್ಚರವಾದಾಗ ಹತ್ತು ಜನ ಬಗ್ಗಿ ನೋಡುತ್ತಿದ್ದರೆ ಆ ಮನುಷ್ಯ ಇನ್ನೊಮ್ಮೆ ಗ್ರಂಥಾಲಯದ ಕಡೆ ತಲೆ ಹಾಕುವುದಿಲ್ಲ.

ಸದಾಶಿವಗಡ:
ತಮ್ಮಷ್ಟಕ್ಕೇ ಮಾತಾಡುವವರ ಬಗ್ಗೆ ಇಷ್ಟೆಲ್ಲ ಯೋಚನೆ ಯಾಕೆ? ಪೊಲೀಸರಿಗೆ ಫೋನ್ ಮಾಡಿದರೆ ಒಂದು ರಾತ್ರಿ ಲಾಕಪ್ಪಿನಲ್ಲಿಟ್ಟು ಬಿಡುತ್ತಾರೆ. ಇಂಥವರು ಯಾವಾಗ ಏನು ಮಾಡುತ್ತಾರೋ ಗೊತ್ತಾಗುವುದಿಲ್ಲ.

ಶರಾವತಿ ದಂಡೆ (ಹೊನ್ನಾವರ):
@ಸದಾಶಿವಗಡ ಅಣ್ಣಾ, ಎರಡೂ ತಪ್ಪು, ಬೇಸರ ಮಾಡಿಕೊಳ್ಳಬೇಡಿ.

ಒಂದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ ಇಂಥವರನ್ನು ಲಾಕಪ್ಪಿನಲ್ಲಿ ಇಡುವ ಹಾಗೇ ಇಲ್ಲ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರು ಕಂಡರೆ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಮನೆ ಇಲ್ಲದೆ ಅಲೆಯುವವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದೇ ಕೆಲಸ. ಫೋನಿನಲ್ಲಿ 'ಹುಚ್ಚನೊಬ್ಬ ಗಲಾಟೆ ಮಾಡುತ್ತಿದ್ದಾನೆ' ಎಂದರೆ ಬರುವ ಪೊಲೀಸರ ಮನಸ್ಸೇ ಬೇರೆ. 'ಮಾನಸಿಕ ತೊಂದರೆ ಇರುವವರೊಬ್ಬರು ಒಬ್ಬಂಟಿಯಾಗಿದ್ದಾರೆ, ಊಟ ಮಾಡಿದಂತಿಲ್ಲ, 100ನೇ ಕಲಮಿನಡಿ ಆಸ್ಪತ್ರೆಗೆ ಒಯ್ಯಲು ನೆರವು ಬೇಕು' ಎಂದು ಹೇಳಿ. ಹೇಳಿದ ಸಮಯ, ಮಾತಾಡಿದವರ ಹುದ್ದೆ ಬರೆದಿಡಿ.

ಎರಡು, ಮಾನಸಿಕ ಕಾಯಿಲೆ ಇರುವವರು ಪೆಟ್ಟು ಕೊಡುವುದಕ್ಕಿಂತ ಪೆಟ್ಟು ತಿನ್ನುವುದೇ ಹೆಚ್ಚು. ಸುಮ್ಮನೆ ಕೂತು ಗುನುಗಿಕೊಳ್ಳುವವರಿಗೆ ಪೊಲೀಸರೂ ಬೇಡ, ಯಾರೂ ಬೇಡ. ಹೆಸರು ಕೇಳಿ, ನೀರು ಕೊಡಿ, ಅಷ್ಟೆ. ಮನೆಯವರು ಗೊತ್ತಿದ್ದರೆ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನ ಬಗ್ಗೆ ಹೇಳಿ. ಏನು ಮಾಡಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಗ್ರಂಥಾಲಯದವರೇ ಫೋನ್ ಮಾಡಿ ಸಲಹೆ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ.

ಸದಾಶಿವಗಡ:
ಲಾಕಪ್ಪಿನ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಕೂಗಾಡಿದರೆ?

ಶರಾವತಿ ದಂಡೆ:
ಕೂಗಾಡಿದರೆ ಮೊದಲು ಉಳಿದವರನ್ನು ಬೇರೆ ಕಡೆ ಕಳಿಸಿ, ಆ ವ್ಯಕ್ತಿಯನ್ನಲ್ಲ. ನೋಡುವವರಿದ್ದಷ್ಟೂ ಗಲಾಟೆ ಏರುತ್ತದೆ. ಎದುರೆದುರು ನಿಲ್ಲಬೇಡಿ, ಸ್ವಲ್ಪ ಓರೆಯಾಗಿ, ಎರಡು ಮಾರು ದೂರದಲ್ಲಿ ನಿಲ್ಲಿ. ನೀವು ಬಾಗಿಲಿಗೆ ಅಡ್ಡ ಇರಬಾರದು, ಬಾಗಿಲು ನಿಮ್ಮ ಬೆನ್ನಿಗೂ ಹತ್ತಿರ ಇರಬೇಕು, ಅವರಿಗೂ ಹೋಗಲು ದಾರಿ ಇರಬೇಕು. ದನಿ ಅವರಿಗಿಂತ ತಗ್ಗಿರಲಿ. 'ಸುಮ್ಮನಿರಿ' ಎಂದರೆ ಯಾರೂ ಸುಮ್ಮನಾಗುವುದಿಲ್ಲ. 'ಇಲ್ಲಿ ಕೂತು ನೀರು ಕುಡೀತೀರಾ, ಜಗಲಿಯಲ್ಲಿ ಗಾಳಿಗೆ ಕೂರ್ತೀರಾ?' ಎಂದು ಎರಡರಲ್ಲಿ ಒಂದು ಆರಿಸಲು ಬಿಡಿ. ತೋಳು ಹಿಡಿದು ಎಳೆಯಲೇಬಾರದು. ಬಹುತೇಕ ಹೊಡೆದಾಟ ಶುರುವಾಗುವುದು ಅಲ್ಲೇ.

ಕುಡಿದು ಬಂದವರಿಗೂ ಇದೇ ಲೆಕ್ಕ. ಬಾಯಿ ವಾಸನೆ ಬಂತೆಂದು ಹೊರಗೆ ಹಾಕುವುದಲ್ಲ, ಅವರು ಮಾಡುತ್ತಿರುವುದೇನು ಎಂದು ನೋಡುವುದು.

ಗಂಗಾವಳಿ:
ಒಬ್ಬರೇ ಇರುವ ಮೇಲ್ವಿಚಾರಕಿಯರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ಹಳ್ಳಿಯ ಗ್ರಂಥಾಲಯಗಳಲ್ಲಿ ಇರುವುದೇ ಒಬ್ಬರು. 'ಬಾಗಿಲು ನಿಮ್ಮ ಬೆನ್ನಿಗೆ ಹತ್ತಿರ' ಎನ್ನುತ್ತೀರಿ. ಎಷ್ಟೋ ಕಡೆ ಕೌಂಟರ್ ಇರುವುದು ಬಾಗಿಲಿಗೆ ಎದುರಿನ ಗೋಡೆಗೆ, ಮೂಲೆಯಲ್ಲಿ. ಅಲ್ಲಿಂದ ತಪ್ಪಿಸಿಕೊಳ್ಳುವುದೆಲ್ಲಿಗೆ?

ಅಘನಾಶಿನಿ:
ಗಂಗಾವಳಿಯವರು ಹೇಳಿದ್ದೇ ಮೊದಲು ಮಾಡಬೇಕಾದ ಕೆಲಸ. ಟೇಬಲ್ ಸರಿಸಲು ಯಾರ ಅನುದಾನವೂ ಬೇಡ. ಕೌಂಟರನ್ನು ಬಾಗಿಲ ಪಕ್ಕಕ್ಕೆ ತನ್ನಿ, ಕೂತವರಿಗೆ ಬಾಗಿಲೂ ಕಾಣಬೇಕು, ಕೋಣೆಯ ಎಲ್ಲ ಮೂಲೆಯೂ ಕಾಣಬೇಕು. ನಡುವೆ ನಿಂತ ಎತ್ತರದ ಕಪಾಟುಗಳನ್ನು ಗೋಡೆಗೆ ಒಯ್ಯಿರಿ; ನಡುವೆ ನಾಲ್ಕೂವರೆ ಅಡಿಗಿಂತ ಎತ್ತರದ್ದು ಬೇಡ. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಇಲ್ಲವಾದರೆ ಗೋಡೆಯ ಒರತೆಗೆ ಪುಸ್ತಕ ಬೂಸ್ಟು ಹಿಡಿಯುತ್ತದೆ. ಉಗ್ರಾಣದ ಬಾಗಿಲಿಗೆ ಒಳಗಿನ ಚಿಲಕ ತೆಗೆಸಿ. ಮಕ್ಕಳ ಮೂಲೆ ಬಾಗಿಲ ಬುಡದಲ್ಲೂ ಬೇಡ, ಕಪಾಟಿನ ಹಿಂದೂ ಬೇಡ.

ಪಕ್ಕದ ಪಂಚಾಯತ್ ಕಚೇರಿಗೋ ಅಂಗಡಿಗೋ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಫೋನ್ ಮಾಡಿ 'ಕೆಂಪು ರಿಜಿಸ್ಟರ್ ಕಳಿಸಿ' ಎಂದರೆ ಒಬ್ಬರು ಕೂಡಲೇ ಬಂದು ನಿಲ್ಲಬೇಕು. 'ಕೆಂಪು ರಿಜಿಸ್ಟರ್ ಈಗಲೇ ಬೇಕು' ಎಂದರೆ ಅವರೇ ತುರ್ತು ನಂಬರ್ 112ಕ್ಕೆ ಫೋನ್ ಮಾಡಬೇಕು. ಎದುರಿಗೆ ನಿಂತವರಿಗೆ ಅದು ಕಚೇರಿ ಮಾತಿನ ಹಾಗೇ ಕೇಳುತ್ತದೆ. ತಿಂಗಳಿಗೊಮ್ಮೆ ಮಾಡಿ ನೋಡದಿದ್ದರೆ ಬೇಕಾದ ದಿನ 'ಯಾವ ರಿಜಿಸ್ಟರ್ ಮೇಡಮ್?' ಎಂದು ಕೇಳುತ್ತಾರೆ.

ಪರೀಕ್ಷಾರ್ಥಿ_ಕುಮಟಾ:
ಸಿಸಿ ಕ್ಯಾಮೆರಾ ಹಾಕಿಸಿದರೆ ಮುಗಿಯಿತಲ್ಲ.

ಗಂಗಾವಳಿ:
ಕ್ಯಾಮೆರಾ ನಡೆದದ್ದನ್ನು ತೋರಿಸುತ್ತದೆ, ನಡೆಯುವುದನ್ನು ತಡೆಯುವುದಿಲ್ಲ. ಗುಡುಗು ಬಂದು ಕರೆಂಟ್ ಹೋದರೆ ಅದೂ ಇಲ್ಲ. ಹಾಕುವುದಾದರೆ ಬಾಗಿಲು ಮತ್ತು ಕೌಂಟರಿಗೆ ಹಾಕಿ, ಶೌಚಾಲಯದ ಬಾಗಿಲ ಕಡೆ ತಿರುಗಿಸಬೇಡಿ. ಅದಕ್ಕೂ ಮೊದಲು ಚಾರ್ಜಿನ ದೀಪ ಎರಡು ತನ್ನಿ. ಸಂಜೆ ಐದಕ್ಕೇ ಕತ್ತಲಾಗುವ ಆಷಾಢದಲ್ಲಿ ಕರೆಂಟ್ ಹೋದ ಕೋಣೆಯಲ್ಲಿ ಹೆಣ್ಣುಮಕ್ಕಳು ಯಾಕೆ ಕೂರಬೇಕು?

ಕಾಳಿ ದಂಡೆ:
ಬಹಳ ಉಪಯೋಗವಾಯಿತು. ನಾತದ ದೂರಿಗೆ ಏನು ಹೇಳಲಿ? ಅದೇ ದಿನಾ ಬರುವುದು.

ಮಲೆನಾಡ ಮಳೆ:
ದಿನಾ ಮಳೆಯಲ್ಲಿ ನೆಂದು ಒಣಗದ ಬಟ್ಟೆ ಯಾರದಾದರೂ ನಾರುತ್ತದೆ, ಮನೆ ಇದ್ದವರದ್ದೂ. ಕಿಟಕಿ ಪಕ್ಕ, ಫ್ಯಾನಿನ ಗಾಳಿ ಹೊರಮುಖವಾಗಿ ಹೋಗುವ ಕಡೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ, ಪೇಪರ್ ಸ್ಟ್ಯಾಂಡ್ ಅಲ್ಲೇ ಇಡಿ. 'ನೀವು ಅಲ್ಲಿ ಕೂರಿ' ಎಂದು ಯಾರಿಗೂ ಹೇಳಬೇಕಾಗಿಲ್ಲ, ಪೇಪರ್ ಇದ್ದಲ್ಲಿಗೆ ಅವರೇ ಹೋಗುತ್ತಾರೆ. ಬಟ್ಟೆ ಹೊದಿಸಿದ ಕುರ್ಚಿ ಬೇಡ, ವಾಸನೆಯನ್ನೂ ತಿಗಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಶೌಚಾಲಯದಲ್ಲಿ ಸಾಬೂನು, ಬಕೆಟ್, ಗೂಟಕ್ಕೆ ಒಂದು ಟವೆಲ್. ಸ್ನಾನದ ಮಾತನ್ನು ಎಲ್ಲರೆದುರು ಎತ್ತಬೇಡಿ. ಹೊರಗೆ ಹೋಗುವಾಗ ಒಬ್ಬರೇ ಸಿಕ್ಕರೆ 'ಬಕೆಟ್ ನೀರು ಇದೆ ಅಣ್ಣಾ, ಬೇಕಾದರೆ ಬಳಸಿಕೊಳ್ಳಿ' ಎಂದರೆ ಸಾಕು.

ನುಸಿಗುಳಿಗೆಯನ್ನು ಕಪಾಟಿಗೆ ಸುರಿಯುವ ಅಭ್ಯಾಸವನ್ನೂ ಬಿಡಿ. ಅಸ್ತಮಾ ಇರುವ ಮುದುಕರಿಗೆ, ಸಣ್ಣ ಮಕ್ಕಳಿಗೆ ಅದರ ಹೊಗೆ ಒಳ್ಳೆಯದಲ್ಲ. ಮಳೆ ಬಿಟ್ಟ ಅರ್ಧ ಗಂಟೆ ಕಿಟಕಿ ತೆಗೆದರೆ ಅದಕ್ಕಿಂತ ಹೆಚ್ಚು ಉಪಕಾರ.

ಬಂಡಿಹಬ್ಬ:
ಮಕ್ಕಳ ವಿಷಯ. ಡಿಸಿ ಶಾಲೆಗೆ ರಜೆ ಕೊಟ್ಟ ದಿನ ಇಡೀ ಕೇರಿಯ ಮಕ್ಕಳು ಗ್ರಂಥಾಲಯದಲ್ಲಿ. ಒಳ್ಳೆಯದಲ್ಲವೇ?

ಗಂಗಾವಳಿ:
ಒಳ್ಳೆಯದಲ್ಲ. ರೆಡ್ ಅಲರ್ಟ್ ದಿನ ರಜೆ ಕೊಡುವುದೇ ಮಕ್ಕಳು ಹಳ್ಳ, ಕಾಲುಸಂಕ ದಾಟಬಾರದೆಂದು. ಗ್ರಂಥಾಲಯ ತೆರೆದಿದೆ ಎಂದು ಅವರು ಅದೇ ಸಂಕ ದಾಟಿ ಬಂದರೆ ರಜೆಗೆ ಅರ್ಥವೇನು? ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಹೆದ್ದಾರಿ ಪಕ್ಕದಲ್ಲೇ.

ಅಘನಾಶಿನಿ:
ಪೂರ್ತಿ ಒಪ್ಪುವುದಿಲ್ಲ. ಮುಚ್ಚಿದರೆ ಅದೇ ಕೇರಿಯ ಮಕ್ಕಳು ಸಮುದ್ರದ ಅಲೆ ನೋಡಲು ಹೋಗುತ್ತಾರೆ. ಹಳ್ಳ ದಾಟದೆ ಬರುವ ಮಕ್ಕಳಿಗೆ ತೆರೆದಿರಲಿ, ದಾಟಿ ಬರಬೇಕಾದ ಮನೆಗಳಿಗೆ ಹಿಂದಿನ ಸಂಜೆಯೇ 'ನಾಳೆ ಬರಬೇಡಿ' ಎಂದು ಹೇಳಿ ಎರಡು ಪುಸ್ತಕ ಹೆಚ್ಚಿಗೆ ಕೊಟ್ಟು ಕಳಿಸಿ. ಬಂದ ಮಕ್ಕಳ ಹೆಸರು, ಮನೆಯ ಫೋನ್, ಕರೆದೊಯ್ಯಲು ಬರುವವರು ಯಾರು, ಇಷ್ಟು ಬರೆದುಕೊಳ್ಳಿ. ಬೇರೆ ಯಾರೋ ಬಂದು 'ನಾನು ಇವಳ ಮಾವ' ಎಂದರೆ ಮನೆಗೆ ಫೋನ್ ಮಾಡದೆ ಕಳಿಸಬಾರದು. ಮಗು ಅವರನ್ನು ಗುರುತು ಹಿಡಿದರೂ ಸಹ.

ಶರಾವತಿ ದಂಡೆ:
ಮಕ್ಕಳ ವಿಷಯದಲ್ಲಿ ಇನ್ನೊಂದು ಗಟ್ಟಿ ಮಾತು. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಇರಲೇಬಾರದು, ಆ ದೊಡ್ಡವರು ಮೇಲ್ವಿಚಾರಕರೇ ಆಗಿರಲಿ, ಕಥೆ ಹೇಳಲು ಬಂದ ಗಣ್ಯರೇ ಆಗಿರಲಿ. ಮಗು ಏನಾದರೂ ಹೇಳಿಕೊಂಡರೆ ಕೆದಕಿ ಕೆದಕಿ ಕೇಳಬೇಡಿ. ಅದು ಆಡಿದ ಮಾತನ್ನು ಅದರದೇ ಶಬ್ದದಲ್ಲಿ ಬರೆದಿಡಿ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ.

ಬಂಡಿಹಬ್ಬ:
ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿದರೆ ನಮ್ಮ ಜವಾಬ್ದಾರಿ ಮುಗಿಯಿತು, ಹೌದೋ?

ಶರಾವತಿ ದಂಡೆ:
1098ಕ್ಕೆ ಖಂಡಿತ ಮಾಡಿ, ಜೊತೆಗೆ ಪೊಲೀಸರಿಗೂ ಹೇಳಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೆಸರಿಸುವುದು ಸ್ಥಳೀಯ ಪೊಲೀಸರನ್ನು ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕವನ್ನು. ಗೊತ್ತಿದ್ದೂ ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. 'ಊರಿನ ಮರ್ಯಾದೆ, ಪಂಚರಲ್ಲಿ ಮಾತಾಡೋಣ' ಎಂಬುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಗುವಿನ ಹೆಸರು ವಾಟ್ಸಾಪ್ ಗುಂಪಿಗೆ ಹೋಗಬಾರದು, ಶಾಲೆಯ ಹೆಸರೂ ಬೇಡ.

ಕಾಳಿ ದಂಡೆ:
ಬರೆದಿಡಿ, ಬರೆದಿಡಿ ಎಂದು ಎಲ್ಲರೂ ಹೇಳುತ್ತಿದ್ದೀರಿ. ಹೇಗೆ ಬರೆಯಬೇಕು?

ಗಂಗಾವಳಿ:
ಉದ್ದ ಗೆರೆಯ ಒಂದು ನೋಟ್‌ಬುಕ್ ಸಾಕು. ತಾರೀಕು, ಸಮಯ, ಕಂಡದ್ದು, ಮಾಡಿದ್ದು, ಯಾರಿಗೆ ತಿಳಿಸಿದ್ದು, ಸಹಿ. ಕಂಡದ್ದನ್ನು ಮಾತ್ರ ಬರೆಯಬೇಕು, ಊಹೆ ಬೇಡ. ಹೀಗೆ: 'ಬೆಳಿಗ್ಗೆ 11.20. ಹಸಿರು ಶರ್ಟಿನವರು ಕಿಟಕಿ ಬಳಿ ನಿಂತು ಜೋರಾಗಿ ಮಾತಾಡಿದರು. ಯಾರನ್ನೂ ಮುಟ್ಟಲಿಲ್ಲ. ನೀರು ಕೊಟ್ಟೆ, ಜಗಲಿಗೆ ಹೋಗಿ ಕೂತರು. 11.35ಕ್ಕೆ ಶಾಂತ.' ಇದನ್ನೇ 'ಹುಚ್ಚ ಬಂದು ಗಲಾಟೆ' ಎಂದು ಬರೆದರೆ ನಾಳೆ ನಿಮಗೂ ಉಪಯೋಗವಿಲ್ಲ, ಅವರಿಗೂ ಅನ್ಯಾಯ. ಪುಸ್ತಕ ಬೀಗದ ಖಾನೆಯಲ್ಲಿರಲಿ, ಹಾಜರಿ ಪುಸ್ತಕದ ಪಕ್ಕ ಬಿದ್ದಿರಬಾರದು.

ಸೋದೆ:
ಅಜ್ಜ ಅಜ್ಜಿಯರು ಬರುವುದು ಮಳೆಗೆ ಮಾತ್ರ ಅಲ್ಲ, ಫೋನ್ ಹಿಡಿದುಕೊಂಡು 'ಪಿಂಚಣಿ ಯಾಕೆ ಬರಲಿಲ್ಲ ನೋಡು ಮಗಾ' ಎಂದೂ ಬರುತ್ತಾರೆ. ಸಂಧ್ಯಾ ಸುರಕ್ಷಾ ನಿಂತುಹೋದರೆ ಮೊದಲು ನೋಡಬೇಕಾದದ್ದು ಬ್ಯಾಂಕಿನಲ್ಲಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಎಂದು. ಖಾತೆಯಲ್ಲಿ ಆಧಾರ್ ನಂಬರ್ ಇದ್ದ ಮಾತ್ರಕ್ಕೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಯಾವ ಖಾತೆಗೆ ಹೋಗಬೇಕೆಂಬ ದಾಖಲೆ) ಆ ಖಾತೆಗೇ ಇರಬೇಕು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ದುಡ್ಡು ಅವರು ಮರೆತ ಹಳೇ ಖಾತೆಗೆ ಬೀಳುತ್ತಿರುತ್ತದೆ. ಅದನ್ನು ನೋಡಿದ ಮೇಲೆ ನಾಡಕಚೇರಿಗೆ ಕಳಿಸಿ.

ಅವರ ಫೋನನ್ನು ನೀವು ಒತ್ತಬೇಡಿ, ಅವರಿಂದಲೇ ಒತ್ತಿಸಿ. ಒಟಿಪಿ ಗಟ್ಟಿಯಾಗಿ ಓದಿಸಬೇಡಿ. ಆಧಾರ್ ಫೋಟೊ ತೆಗೆದಿದ್ದರೆ ಅವರೆದುರೇ ಅಳಿಸಿ. ಮೋಸ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930. ತಡವಾದಷ್ಟೂ ದುಡ್ಡು ಇನ್ನೊಂದು ಖಾತೆಗೆ ದಾಟಿರುತ್ತದೆ. ಮಕ್ಕಳು ಮನೆಯಿಂದ ಹೊರಗೆ ಹಾಕಿದ ಅಜ್ಜಂದಿರಿಗೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೇ ಅರ್ಜಿ ಕೊಡಬಹುದು. ನಮ್ಮಲ್ಲಿ ಆ ಕಚೇರಿ ಕಾರವಾರ, ಕುಮಟಾ, ಭಟ್ಕಳ, ಶಿರಸಿಯಲ್ಲಿ ಇದೆ. ವಕೀಲರು ಬೇಕಾಗಿಲ್ಲ. ಗಂಡನ ಹೊಡೆತ ತಿಂದು ಬಂದವರಿಗೆ ಮಹಿಳಾ ಸಹಾಯವಾಣಿ 181. ಆ ನಂಬರನ್ನು ಬೋರ್ಡಿಗಿಂತ ಹೆಂಗಸರ ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ, ಅಲ್ಲಿ ಯಾರೂ ನೋಡದಂತೆ ಬರೆದುಕೊಳ್ಳಬಹುದು.

ಅಘನಾಶಿನಿ:
ಸೋದೆಯವರ ಕೊನೆಯ ಮಾತು ಎಲ್ಲ ಗ್ರಂಥಾಲಯದವರೂ ಇವತ್ತೇ ಮಾಡಬೇಕು.

ಪರೀಕ್ಷಾರ್ಥಿ_ಕುಮಟಾ:
ವಿಷಯಾಂತರ, ಕ್ಷಮಿಸಿ. ಕಣ್ಣು ಕಾಣದವರೊಬ್ಬರು ನಮ್ಮಲ್ಲಿ ಪರೀಕ್ಷೆಗೆ ಓದುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ (ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಹಾಕಿಕೊಟ್ಟರೂ ಕನ್ನಡ ನೋಟ್ಸ್ ಓದುವಾಗ ಏನೇನೋ ಇಂಗ್ಲಿಷ್ ಅಕ್ಷರ ಹೇಳುತ್ತದೆ. ಯಾಕೆ?

ಸೋದೆ:
ಆ ನೋಟ್ಸ್ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆದದ್ದು. ನೋಡಲು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಓದುವ ತಂತ್ರಾಂಶಕ್ಕೆ ಯೂನಿಕೋಡ್ ಮಾತ್ರ ತಿಳಿಯುತ್ತದೆ. ಪರಿವರ್ತಕ ಉಚಿತವಾಗಿ ಸಿಗುತ್ತದೆ, ಹಾಕಿ ತೆಗೆದ ಮೇಲೆ ಒತ್ತಕ್ಷರ, ಅರ್ಕಾವತ್ತು ತಪ್ಪಿಲ್ಲವೋ ಎಂದು ಒಮ್ಮೆ ಕಣ್ಣಾಡಿಸಿ. ಸ್ಕ್ಯಾನ್ ಮಾಡಿದ ಪುಟವಾದರೆ ಅದು ಚಿತ್ರ, ಮೊದಲು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಬೇಕು. ಅವರು ಕಣ್ಣು ಕಾಣದವರಿಗೂ ಓದಲಾಗುವ ಪುಸ್ತಕಗಳಿರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯಕ್ಕೆ ಸದಸ್ಯರಾಗಲಿ. ಮತ್ತೆ, ನಿಮ್ಮ ಟೇಬಲಿನ ಪಕ್ಕದಲ್ಲೇ ಅವರಿಗೆ ಪ್ಲಗ್ ಇರುವ ಜಾಗ ಬಿಟ್ಟುಕೊಡಿ ತಮ್ಮಾ.

ಪರೀಕ್ಷಾರ್ಥಿ_ಕುಮಟಾ:
ಬಿಟ್ಟುಕೊಡುತ್ತೇನೆ. ಮೊದಲು ಬರೆದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬ್ಯಾಗಿನ ಕುರ್ಚಿಯ ಸಮೇತ.

ಕಾಳಿ ದಂಡೆ:
ಕೊನೆಯದೊಂದು ಪ್ರಶ್ನೆ. ಗಾಲಿಕುರ್ಚಿಯವರೊಬ್ಬರಿಗೆ ಬಾಗಿಲ ಒಂದು ಮೆಟ್ಟಿಲೇ ಅಡ್ಡ, ಎತ್ತರ 15 ಸೆಂ.ಮೀ. ಸಿಮೆಂಟ್ ಕೆಲಸ ಮಳೆ ಮುಗಿಯುವವರೆಗೆ ಆಗುವುದಿಲ್ಲ ಎನ್ನುತ್ತಾರೆ. ಅಲ್ಲಿಯವರೆಗೆ?

ಬಂಡಿಹಬ್ಬ:
ಇದು ನನಗೆ ಗೊತ್ತಿದ್ದ ಕೆಲಸ. ಇಳಿಜಾರು 1ಕ್ಕೆ 12, ಅಂದರೆ 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದ. ಬಾಗಿಲೇ 90 ಸೆಂ.ಮೀ. ಆದರೂ ಹಲಗೆ 120 ಅಗಲ ಇರಲಿ. ಮಾಮೂಲಿ ಪ್ಲೈವುಡ್ ಎರಡು ಮಳೆಗೆ ಉಬ್ಬುತ್ತದೆ. ಬೋಟು ಕಟ್ಟುವಲ್ಲಿ ಕೇಳಿ 18 ಎಂ.ಎಂ. ಮರೀನ್ ಪ್ಲೈ ತನ್ನಿ, ಅಡಿಗೆ ಓರೆಯಾಗಿ ಕೊಯ್ದ ನಾಲ್ಕು ರೀಪು ಕೊಡಿಸಿ, ಇಲ್ಲವಾದರೆ ನಡುವೆ ಬಗ್ಗುತ್ತದೆ. ಒಳಗೇ ಇಟ್ಟು ಎನಾಮಲ್ ಪೇಂಟ್ ಬಳಿದು, ಹಸಿ ಇರುವಾಗಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ. ಒಣಗಿದ ಮೇಲೆ ಇನ್ನೊಂದು ಕೈ ಪೇಂಟ್. ಎರಡೂ ಅಂಚಿಗೆ ಎರಡು ಇಂಚಿನ ಪಟ್ಟಿ, ಗಾಲಿ ಜಾರದ ಹಾಗೆ. ತುದಿಯನ್ನು ಹೊಸ್ತಿಲಿಗೆ ಬೋಲ್ಟ್ ಹಾಕಿ, ಸುಮ್ಮನೆ ಒರಗಿಸಿಟ್ಟರೆ ಒಂದು ದಿನ ಆಳಿನ ಸಮೇತ ಹಿಂದೆ ಸರಿಯುತ್ತದೆ.

ಎದುರಿನ ಚಿರೆಕಲ್ಲಿನ ಅಂಗಳಕ್ಕೆ ಹಾವಸೆ ಹಿಡಿದಿರುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಉದುರಿಸಿ ಹಿಡಿ ಇರುವ ಗಡಸು ಬ್ರಶ್ಶಿನಿಂದ ತಿಕ್ಕಿಸಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ಉಸಿರುಕಟ್ಟುವ ಅನಿಲ ಬರುತ್ತದೆ.

ಕಾಳಿ ದಂಡೆ:
ಮರೀನ್ ಪ್ಲೈ ನಮ್ಮ ಬೈತಖೋಲ ಬಂದರಿನ ಕಡೆ ಸಿಗಬಹುದೋ, ಅಂಕೋಲೆಗೇ ಬರಬೇಕೋ?

ಬಂಡಿಹಬ್ಬ:
ಬೈತಖೋಲದಲ್ಲೇ ಕೇಳಿ ನೋಡಿ. ಬಂದರು ಬಂದ್ ಇರುವಾಗ ಬೋಟಿನ ರಿಪೇರಿ ಕೆಲಸ ಜೋರು ಇರುತ್ತದೆ, ಕೊಯ್ದು ಉಳಿದ ತುಂಡು ಕಡಿಮೆ ದರಕ್ಕೆ ಕೊಟ್ಟಾರು. ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: 180, 120, ದಪ್ಪ 18.